ರಾವಣನ ತಾಯಿ ಏನಾದಳು?

ಗೋಕರ್ಣದ ರಥಬೀದಿಯ ಅಂಗಡಿಗಳಲ್ಲಿ ಬಿಲ್ವಪತ್ರೆ, ತಾಮ್ರದ ಗಿಂಡಿ, ರುದ್ರಾಕ್ಷಿಯ ಸರಗಳ ಪಕ್ಕದಲ್ಲಿ ಕ್ಷೇತ್ರಮಹಾತ್ಮೆಯ ಪುಸ್ತಕಗಳನ್ನೂ ಇಟ್ಟಿರುತ್ತಾರೆ. ನಲವತ್ತು ಪುಟ, ಬಣ್ಣದ ರಕ್ಷಾಪುಟ, ಒಳಗೆ ಮಸಿ ಹರಡಿದ ಚಿತ್ರಗಳು. ಕಾದಂಬರಿಯ ಹೆಸರೆತ್ತದ ಮನೆಗಳಲ್ಲೂ ದೇವರ ಗೂಡಿನಲ್ಲಿ ಇಂಥದೊಂದು ಪುಸ್ತಕವಿರುತ್ತದೆ. ಆದರೂ ನಮ್ಮ ವಿಮರ್ಶಕರು ಇವುಗಳ ತಂಟೆಗೆ ಹೋದದ್ದು ಕಡಿಮೆ. ಕೈಮುಗಿದು ಓದುವ ಪುಸ್ತಕಕ್ಕೆ ಪ್ರಶ್ನೆ ಕೇಳಬಾರದೆಂಬ ಸಂಕೋಚವಿರಬೇಕು. ತರಗತಿಯಲ್ಲಿ ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿಯೇ ಅಭ್ಯಾಸವಾದ ನನಗೆ ಆ ಸಂಕೋಚ ಸ್ವಲ್ಪ ಕಡಿಮೆ.

ಅಮ್ಮ ತೀರಿಕೊಂಡ ಮರುವರ್ಷ ತಮ್ಮನೊಡನೆ ಅಲ್ಲಿಗೆ ಹೋಗಿದ್ದೆ. ಗೋಕರ್ಣ ಪಿತೃಕಾರ್ಯಕ್ಕೆ ಹೆಸರಾದ ಊರು. ಪಿಂಡ ಇಡುವವನು ಮಗ; ಮಗಳಿಗೆ ಅಲ್ಲಿ ಕೆಲಸವಿಲ್ಲ. "ಅಕ್ಕ, ನೀನು ನೆರಳಲ್ಲಿ ಕೂತಿರು, ಒಂದು ಗಂಟೆ ಹಿಡೀತದೆ" ಎಂದು ಅವನು ಒದ್ದೆ ಪಂಚೆಯಲ್ಲಿ ಹೊರಟ. ನಾನು ಕೋಟಿತೀರ್ಥದ ಮೆಟ್ಟಿಲ ಮೇಲೆ ಕೂತು, ಆಗಷ್ಟೇ ಕೊಂಡ ಪುಸ್ತಕ ಬಿಡಿಸಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ರಾವಣನ ತಾಯಿ ಕೈಕಸಿ ಕಡಲ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು. ಅಲೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ತಾಯಿ ಅತ್ತಳು. ರಾವಣನ ತಾಯಿ ಮರಳಿನ ಲಿಂಗ ಪೂಜಿಸುವುದೇ ಎಂದು ಮಗ ಕೈಲಾಸಕ್ಕೆ ಹೋಗಿ, ತಪಸ್ಸು ಮಾಡಿ, ಶಿವನಿಂದ ಆತ್ಮಲಿಂಗವನ್ನೇ ಪಡೆದ. ಲಂಕೆ ಮುಟ್ಟುವ ತನಕ ನೆಲಕ್ಕೆ ಇಡಬಾರದೆಂಬ ನಿಬಂಧನೆ. ದೇವತೆಗಳಿಗೆ ಹೆದರಿಕೆ. ವಿಷ್ಣು ಸೂರ್ಯನನ್ನು ಮರೆಮಾಡಿದ; ಸಂಧ್ಯಾವಂದನೆಗೆ ನಿಂತ ರಾವಣ, ಹುಡುಗನ ವೇಷದಲ್ಲಿ ಬಂದ ಗಣಪತಿಯ ಕೈಗೆ ಲಿಂಗ ಕೊಟ್ಟ. ಹುಡುಗ ಮೂರು ಸಲ ಕೂಗಿ ನೆಲಕ್ಕಿಟ್ಟುಬಿಟ್ಟ.

ಈ ಕಥೆ ಕಟ್ಟಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ಕಿತ್ತರೂ ಬಾರದೆ ಹಸುವಿನ ಕಿವಿಯಂತೆ ತಿರುಚಿಕೊಂಡ ಲಿಂಗದಿಂದ ಊರಿನ ಹೆಸರು. ರಾವಣನ ಬಲವನ್ನೂ ಮೀರಿಸಿದ್ದರಿಂದ ದೇವರ ಹೆಸರು ಮಹಾಬಲೇಶ್ವರ. ಸಿಟ್ಟಿನಲ್ಲಿ ರಾವಣ ಎಸೆದ ಸಂಪುಟ, ಮುಚ್ಚಳ, ದಾರ, ವಸ್ತ್ರ ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರ: ಉತ್ತರಕ್ಕೆ ಕಾರವಾರದ ಬಳಿ ಸೆಜ್ಜೇಶ್ವರ, ದಕ್ಷಿಣಕ್ಕೆ ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಒಬ್ಬನ ಒಂದು ಕೋಪದಲ್ಲಿ ಉತ್ತರ ಕನ್ನಡದ ಕರಾವಳಿಯ ಉದ್ದಕ್ಕೂ ಐದು ದೇವಸ್ಥಾನಗಳು ಒಂದೇ ದಾರದಲ್ಲಿ ಪೋಣಿಸಿಕೊಂಡವು. ಕಥೆ ನ್ಯಾಯವನ್ನೂ ಹಂಚಿದೆ. ರಾವಣನಿಂದ ಗುದ್ದು ತಿಂದ ಹುಡುಗನಿಗೆ ಮೊದಲ ದರ್ಶನದ ಮರ್ಯಾದೆ. ನೆತ್ತಿಯ ಕುಳಿಯನ್ನು ಮಹಾಗಣಪತಿ ಗುಡಿಯಲ್ಲಿ ಇಂದಿಗೂ ತೋರಿಸುತ್ತಾರೆ. ಸೋತ ರಾವಣನಿಗೂ ಕೀರ್ತಿ ದಕ್ಕಿದೆ.

ಆದರೆ ಕೈಕಸಿ? ಎರಡನೆಯ ಪುಟದಲ್ಲಿ ಅತ್ತವಳು ನಲವತ್ತನೆಯ ಪುಟದವರೆಗೂ ಮತ್ತೆ ಬರಲಿಲ್ಲ. ಮಗ ಬರಿಗೈಯಲ್ಲಿ ಬಂದಾಗ ಅವಳು ಏನೆಂದಳು? ಮರುದಿನ ಪೂಜೆ ಮಾಡಿದಳೇ? ಪುಸ್ತಕ ಬರೆದವರಿಗೆ ಈ ಪ್ರಶ್ನೆ ಹೊಳೆದೇ ಇಲ್ಲ.

ಇದು ಬರೀ ಮರೆವಲ್ಲ ಎಂದು ನನಗನ್ನಿಸುತ್ತದೆ. ಕಥೆ ಜಾರಿದ್ದು 'ರಾವಣನ ತಾಯಿ ಮರಳಿನ ಲಿಂಗ ಪೂಜಿಸುವುದೇ' ಎಂಬ ಆ ಒಂದು ಮಾತಿನಲ್ಲಿ. ಅಲ್ಲಿಯವರೆಗೆ ಅದು ತಾಯಿಯ ಭಕ್ತಿಯ ಕಥೆ; ಅಲ್ಲಿಂದ ಮುಂದೆ ಮಗನ ಪ್ರತಿಷ್ಠೆಯ ಕಥೆ. ಮರಳಿನ ಲಿಂಗ ಹೋದರೆ ಮತ್ತೊಂದು ಮಾಡಬಹುದಿತ್ತು. ಅಲೆ ತಲುಪದ ಕಡೆ ಪೂಜೆಗೆ ಜಾಗ ಮಾಡಿಕೊಟ್ಟಿದ್ದರೂ ಸಾಕಿತ್ತು. ಹತ್ತಿರ ಕೂತು "ಅಮ್ಮಾ, ನಿನಗೇನು ಬೇಕು?" ಎಂದು ಆ ಹತ್ತು ತಲೆಗಳಲ್ಲಿ ಒಂದಾದರೂ ಕೇಳಲಿಲ್ಲ.

ಮರುದಿನ ಬಾಡಿಗೆ ಕಾರಿನಲ್ಲಿ ಉಳಿದ ಕ್ಷೇತ್ರಗಳನ್ನು ನೋಡಿದೆವು. ಮುರ್ಡೇಶ್ವರದಲ್ಲಿ 123 ಅಡಿಯ ಶಿವ. ಅದರ ಕೆಳಗಿನ ಗುಹೆಯಲ್ಲಿ ಇದೇ ಕಥೆಯನ್ನು ಆಳೆತ್ತರದ ಬೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಜನ ಗುಂಪುಗೂಡಿದ್ದು ಹುಡುಗ ಲಿಂಗ ಇಡುವ ದೃಶ್ಯದೆದುರು. 1958ರ 'ಭೂಕೈಲಾಸ' ಚಿತ್ರದಲ್ಲೂ ಕಥೆಗೆ ಚಾಲನೆ ಸಿಗುವುದು ತಾಯಿಯಿಂದಲೇ; ನೋಡಿದವರ ಮನಸ್ಸಿನಲ್ಲಿ ಉಳಿದವರು ರಾಜಕುಮಾರರ ರಾವಣ. ತಪ್ಪು ಪುಸ್ತಕದ್ದಷ್ಟೇ ಅಲ್ಲ, ಓದುವ ನೋಡುವ ನಮ್ಮದೂ ಹೌದು.

ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಹೇಳಿಬಿಡಬೇಕು. ಅಮ್ಮ ಗೋಕರ್ಣ ನೋಡಬೇಕೆಂದು ಎರಡು ಸಲ ಕೇಳಿದ್ದಳು. ಒಮ್ಮೆ ನನಗೆ ಪರೀಕ್ಷೆಯ ಕೆಲಸ, ಇನ್ನೊಮ್ಮೆ ಅವಳ ಮಂಡಿನೋವು. "ಹುಷಾರಾಗು, ಕಾರು ಮಾಡಿಕೊಂಡು ಐದೂ ಕ್ಷೇತ್ರ ತೋರಿಸ್ತೇವೆ" ಎಂದಿದ್ದೆವು. ಅವಳು ಕೇಳಿದ್ದು ಒಂದೇ ಕ್ಷೇತ್ರ. ಬಸ್ಸಾದರೂ ಆದೀತು ಎಂದಿದ್ದಳು. ಈಗ ಅವಳ ಹೆಸರಿನಲ್ಲಿ ಪಿಂಡ ಇಟ್ಟು, ಐದೂ ಕ್ಷೇತ್ರ ಸುತ್ತಿ ಬಂದವರು ನಾವು.

ಗೋಕರ್ಣದಲ್ಲಿ ಮೊದಲ ದಿನ ಸಂಜೆ ಸಮುದ್ರದ ದಂಡೆಗೆ ಹೋಗಿದ್ದೆ. ಯಾತ್ರೆಗೆ ಬಂದ ಒಬ್ಬ ಮುದುಕಿ ಸೆರಗು ಸಿಕ್ಕಿಸಿಕೊಂಡು ಒದ್ದೆ ಮರಳನ್ನು ಕೂಡಿಸಿ ಲಿಂಗ ಮಾಡುತ್ತಿದ್ದಳು. ಅಲೆ ಬಂದು ಅರ್ಧ ಕರಗಿಸಿತು. ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಕೂತಳು. ಪುಸ್ತಕದಲ್ಲಿ ಇಲ್ಲದ ಪುಟ ಅದೇ ಎಂದುಕೊಂಡೆ. ತಮ್ಮ ಕರೆಯುವ ತನಕ ಅಲ್ಲೇ ನಿಂತಿದ್ದೆ.