ಕೆಮ್ಮಣ್ಣಿನ ಗೋಡೆ ಯಾರದು?

ಪಟ್ಟಣದವರಿಗೆ ಈಗ ಮಣ್ಣಿನ ಮೇಲೆ ಮೋಹ ಬಂದಿದೆ. ನಡುಮನೆಯ ಗೋಡೆಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಹಸೆ ಚಿತ್ತಾರ, ಮೂಲೆಗೊಂದು ಬಿದಿರ ಬುಟ್ಟಿ, ಹಬ್ಬ ಬಂದರೆ ಮಾವಿನೆಲೆ, ಚೆಂಡುಹೂವು. ಚೆಂದವೇ. ಚೆಂದವಲ್ಲ ಅಂತ ನಾವು ಹೇಳ್ತಿಲ್ಲ. ಆದರೆ ಇದನ್ನು ಹೊಗಳುವವರು ನಿಸರ್ಗ ಅಂತ ಬರೀತಾರೆ, ಪರಂಪರೆ ಅಂತ ಬರೀತಾರೆ. ದುಡಿದ ಕೈಯ ಹೆಸರು ಮಾತ್ರ ಬರೆಯೋದಿಲ್ಲ. ನಮ್ಮ ತಕರಾರು ಇಲ್ಲಿಂದಲೇ ಶುರು.

ಹಸೆ ಚಿತ್ತಾರ ಆಕಾಶದಿಂದ ಉದುರಿದ್ದಲ್ಲ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಹೆಣ್ಣುಮಕ್ಕಳು ಕೈಯಿಂದ ಕೈಗೆ ಉಳಿಸಿಕೊಂಡು ಬಂದದ್ದು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದು ಬಿಳಿ, ಅಕ್ಕಿಯನ್ನೇ ಸುಟ್ಟು ಕಪ್ಪು, ಗುರಿಗೆಯಿಂದ ಹಳದಿ, ಪುಂಡಿನಾರಿನ ಕುಂಚ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಬಸುರಿ. ಬುಟ್ಟಿಯಲ್ಲಿ ಬಯಕೆಯೂಟ ಹೊತ್ತು ಗದ್ದೆಗೆ ಹೋಗ್ತಾರೆ. ಅಲ್ಲಿ ಯಾವ ಕಾಲ ಬಂತು ಅಂತ ಹೇಳೋದು ಗದ್ದೆ.

ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಅದೇ ದೀವರು ಒಡೆಯರ ಎದುರು ಸೆಟೆದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದಲ್ಲೇ ಅನ್ಯಾಯವಿದೆ ಅಂದರು. ಜೈಲು ಕಂಡರು. ಅಲ್ಲಿಗೆ ಬಂದ ಲೋಹಿಯಾ ಕೂಡ ಬಂಧಿತರಾದರು. 1974ರ ಭೂಸುಧಾರಣೆಯ ಬೇರುಗಳಲ್ಲಿ ಈ ಹೋರಾಟವೂ ಒಂದು. ಕೊಳಗದಲ್ಲಿ ಒಡೆಯನ ಕಣಜ ಸೇರಿದ್ದೂ, ಗೋಡೆಯ ಮೇಲೆ ಬಿಳಿ ಗೆರೆಯಾದದ್ದೂ ಒಂದೇ ಗದ್ದೆಯ ಬೆಳೆ. ಗೆರೆಯ ಬಗ್ಗೆ ಬರೆದು ಕೊಳಗದ ಬಗ್ಗೆ ಬಾಯಿಬಿಡದ ವಿಮರ್ಶಕ ಅರ್ಧ ಗೋಡೆ ಮಾತ್ರ ನೋಡಿದ್ದಾನೆ.

ನಾವು ದೀವರಲ್ಲ, ಊರಾಚೆಯ ಕೇರಿಯವರು. ಗೌಡರ ಕೊಟ್ಟಿಗೆಯ ಸಗಣಿ ಬಾಚಿ, ಕತ್ತಲಾದ ಮೇಲೆ ತಮ್ಮ ನೆಲ ಸಾರಿಸಿದ ಅವ್ವಂದಿರ ಮಕ್ಕಳು. ಪ್ರತಿ ಮಳೆಗೂ ನಮ್ಮ ಗೋಡೆ ಕರಗ್ತಿತ್ತು. ಸಿಮೆಂಟಿನ ಮನೆ ಆದಾಗ ನಾವು ಮೊದಲು ಮಾಡಿದ್ದು ನೀಲಿ ಆಯಿಲ್ ಪೇಂಟ್ ಬಳಿದದ್ದು. ಓದಿದ ಗೆಳೆಯರು ಅಭಿರುಚಿ ಕೆಟ್ಟಿತು ಅಂದರು. ಆ ಮಳೆಗಾಲ ಅವ್ವ ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿದಳು. ಆ ನಿದ್ದೆಗೆ ನಿಮ್ಮ ಸೌಂದರ್ಯಶಾಸ್ತ್ರದಲ್ಲಿ ಜಾಗ ಇದೆಯಾ ಸ್ವಾಮಿ?

2020ರಲ್ಲಿ ಕಾನೂನು ತಿದ್ದಿ, ರೈತರಲ್ಲದವರೂ ಸಾಗುವಳಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಗೋಡೆಗೆ ಮಣ್ಣಿನ ಬಣ್ಣ ಕೊಂಡವರು ಈಗ ಮಣ್ಣನ್ನೇ ಕೊಳ್ಳಬಹುದು. ಗದ್ದೆಯಿದ್ದಲ್ಲಿ ತೋಟದ ಬಂಗಲೆ ಎದ್ದರೆ, ಭೂಮಣ್ಣಿ ಬುಟ್ಟಿ ಹೊತ್ತವಳು ಬಯಕೆಯೂಟ ಎಲ್ಲಿ ಚೆಲ್ಲಬೇಕು?

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ಮಕ್ಕಳಿಂದ ಚಿತ್ತಾರ ಬರೆಸಿ. ಬರೆಸುವಾಗ ಕಾಗೋಡಿನ ಕತೆಯನ್ನೂ ಹೇಳಿ. ಪಟ್ಟಣದವರಿಗೂ ಒಂದು ಮಾತು: ಗೋಡೆಗೆ ಚಿತ್ತಾರ ಬೇಕಾದರೆ ಬರೆದವಳಿಗೆ ತಕ್ಕ ಕೂಲಿ ಕೊಡಿ, ಕೆಳಗೆ ಅವಳ ಹೆಸರು ಹಾಕಿ. ಅವಳ ಗದ್ದೆ ಅವಳಿಗೇ ಇರಲಿ.