ಒಂದೇ ಪಣದ ಲೆಕ್ಕಾಚಾರ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಸೀಸನ್‌ಗೆ 380 ಪಂದ್ಯಗಳು. ಪ್ರತಿ ಪಂದ್ಯದ ಮೇಲೂ 10 ಪೌಂಡ್ ಕಟ್ಟುವುದು, ಗೆದ್ದರೂ ಸೋತರೂ ಆ ಮೊತ್ತವನ್ನು ಬದಲಿಸದಿರುವುದು: ಫುಟ್‌ಬಾಲ್ ಬೆಟ್ಟಿಂಗ್‌ನಲ್ಲಿ ‘ಫ್ಲ್ಯಾಟ್ ಸ್ಟೇಕ್’ ಎಂದರೆ ಇಷ್ಟೇ. ಟಿಪ್ಸ್ ಮಾರುವವರು ಹೊಸಬರಿಗೆ ಇದನ್ನೇ ಲಾಭದ ದಾರಿ ಎಂದು ಹೇಳಿಕೊಡುತ್ತಾರೆ. ಈ ಪದ್ಧತಿಯಲ್ಲಿ ಒಳ್ಳೆಯದು ಖಂಡಿತ ಇದೆ. ಆದರೆ ಅದು ಅವರು ತೋರಿಸುವ ಜಾಗದಲ್ಲಿಲ್ಲ.

ಸೋತವನಿಗೆ ಹೋದ ದುಡ್ಡನ್ನು ಒಂದೇ ಏಟಿಗೆ ವಾಪಸು ಪಡೆಯುವ ಆತುರ ಇರುತ್ತದೆ. ಆ ಆತುರವನ್ನೇ ಸೂತ್ರ ಮಾಡಿಕೊಂಡದ್ದು ಮಾರ್ಟಿಂಗೇಲ್. ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುವುದು ಅದರ ನಿಯಮ. 10, 20, 40 ಎಂದು ಏರುತ್ತ ಸತತ ಎಂಟು ಸಲ ಸೋತರೆ 2,550 ಪೌಂಡ್ ಕೈಬಿಟ್ಟಿರುತ್ತದೆ, ಒಂಬತ್ತನೆಯದಕ್ಕೆ ಮತ್ತೆ 2,560 ಹೊಂದಿಸಬೇಕು. ಎಂಟು ಸೋಲು ಒಟ್ಟಿಗೆ ಬರುವುದು ಅಪರೂಪ ಎಂದುಕೊಂಡರೆ ತಪ್ಪು. ನೂರಕ್ಕೆ ನಲವತ್ತೈದು ಸಲ ಗೆಲ್ಲುವವನಿಗೂ 380 ಬೆಟ್‌ಗಳಲ್ಲಿ ಅಂಥ ಒಂದು ಸರಣಿ ಎದುರಾಗುವ ಸಂಭವವೇ ಹೆಚ್ಚು. ಆ ಹೊತ್ತಿನಲ್ಲಿ ಒಂದೇ ಪಣದವನು ಕಳೆದುಕೊಂಡಿರುವುದು 80 ಪೌಂಡ್. ಮನೆ ಬಾಡಿಗೆಯ ದುಡ್ಡು ಉಳಿಯುತ್ತದೋ ಇಲ್ಲವೋ ಎನ್ನುವುದು ಇಲ್ಲಿ ನಿರ್ಧಾರವಾಗುತ್ತದೆ. ಈ ಒಂದು ಕಾರಣಕ್ಕೇ ಪದ್ಧತಿಯನ್ನು ಮೆಚ್ಚಬೇಕು.

ಲಾಭದ ಮಾತು ಬೇರೆ. ಒಂದು ಪಂದ್ಯಕ್ಕೆ ಬುಕ್‌ಮೇಕರ್ ತವರು ತಂಡದ ಗೆಲುವಿಗೆ 2.10, ಡ್ರಾಗೆ 3.40, ಎದುರಾಳಿಯ ಗೆಲುವಿಗೆ 3.60 ದರ ಕೊಟ್ಟ ಎಂದಿಟ್ಟುಕೊಳ್ಳಿ. ನೂರನ್ನು ಈ ದರಗಳಿಂದ ಭಾಗಿಸಿ ಶೇಕಡಾವಾರಿಗೆ ತಿರುಗಿಸಿದರೆ 47.6, 29.4, 27.8, ಕೂಡಿದರೆ 104.8. ನೂರರ ಮೇಲಿನ ಆ 4.8 ಅವನ ಮಾರ್ಜಿನ್. ಹಾಗಾಗಿ ಸರಾಸರಿಯಲ್ಲಿ ನೂರು ಪೌಂಡ್ ಕಟ್ಟಿದವನಿಗೆ ವಾಪಸು ಬರುವುದು 95ರ ಆಸುಪಾಸು. ಪಣ ಏರಿಸಿದರೂ ಇಳಿಸಿದರೂ ಅಷ್ಟೇ ಇಟ್ಟರೂ ಈ ಅಂಕಿ ಜಗ್ಗುವುದಿಲ್ಲ. ಸೀಸನ್ ಪೂರ್ತಿ 3,800 ಪೌಂಡ್ ಕಟ್ಟಿದರೆ ನಿರೀಕ್ಷಿತ ನಷ್ಟ ಸುಮಾರು 175 ಪೌಂಡ್.

ಹಾಗಾದರೆ ಲಾಭ ಕಂಡವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಇಂಥ ದರದ 380 ಬೆಟ್‌ಗಳಲ್ಲಿ ಅದೃಷ್ಟ ಒಂದರಿಂದಲೇ ಫಲಿತಾಂಶ 200 ಪೌಂಡಿನಷ್ಟು ಆಚೀಚೆ ಆಗುವುದು ಸಾಮಾನ್ಯ. ಯಾವ ಜಾಣ್ಮೆಯೂ ಇಲ್ಲದೆ ಕಣ್ಣುಮುಚ್ಚಿ ಕಟ್ಟಿದವರಲ್ಲೂ ಐವರಿಗೆ ಒಬ್ಬರಂತೆ ಸೀಸನ್ ಕೊನೆಗೆ ಲಾಭದಲ್ಲಿರುತ್ತಾರೆ. ಆ ಒಬ್ಬ ತನ್ನ ಖಾತೆಯನ್ನು ನಾಲ್ಕು ಜನರಿಗೆ ತೋರಿಸುತ್ತಾನೆ; ಉಳಿದ ನಾಲ್ವರು ಸುಮ್ಮನಿರುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ ‘ಇಷ್ಟು ಯೂನಿಟ್ ಲಾಭ’ ಎಂದು ಹರಿದಾಡುವ ಪಟ್ಟಿಗಳಿಗೆ ಬೇರೆ ಬಂಡವಾಳ ಬೇಕಿಲ್ಲ.

ದೊಡ್ಡ ದರಗಳು ಬಂದಾಗ ಖಾತೆಯನ್ನು ನಂಬುವುದು ಇನ್ನೂ ಕಷ್ಟ. 2015–16ರ ಸೀಸನ್ ಶುರುವಾದಾಗ ಲೆಸ್ಟರ್ ಸಿಟಿ ಲೀಗ್ ಗೆಲ್ಲುವುದಕ್ಕೆ ಬ್ರಿಟನ್ನಿನ ಬುಕ್‌ಮೇಕರ್‌ಗಳು ಒಂದಕ್ಕೆ 5,000 ಕೊಡುತ್ತಿದ್ದರು; ಲೆಸ್ಟರ್ ಗೆದ್ದೇಬಿಟ್ಟಿತು. ಅದರ ಮೇಲೆ 10 ಪೌಂಡ್ ಕಟ್ಟಿದ್ದವನು ಮುಂದಿನ ಹದಿಮೂರು ಸೀಸನ್‌ಗಳ ಒಂದೊಂದು ಪಂದ್ಯದಲ್ಲೂ 10 ಪೌಂಡ್ ಸೋತರೂ ಅವನ ಖಾತೆ ಲಾಭದಲ್ಲೇ ಇರುತ್ತದೆ. 1.25ರ ದರಕ್ಕೂ 5,000ದ ದರಕ್ಕೂ ಒಂದೇ ಪಣ ಇಟ್ಟರೆ ಆಗುವುದು ಇದೇ.

ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರ ಈ ಕೊರತೆಯನ್ನು ನೇರವಾಗಿ ಹಿಡಿಯುತ್ತದೆ. ನಿಜವಾದ ಸಾಧ್ಯತೆಗಿಂತ ದರ ಎಷ್ಟು ಉದಾರವಾಗಿದೆಯೋ ಅದಕ್ಕೆ ತಕ್ಕಂತೆ ಕೈಯಲ್ಲಿರುವ ಹಣದ ಒಂದು ಪಾಲು ಕಟ್ಟಬೇಕು, ಉದಾರವಾಗಿಲ್ಲದಿದ್ದರೆ ಕಟ್ಟಲೇಬಾರದು. ಆ ‘ಕಟ್ಟಬೇಡ’ ಎನ್ನುವ ಮಾತು ಒಂದೇ ಪಣದ ಪದ್ಧತಿಯಲ್ಲಿಲ್ಲ. ನಿಜವಾದ ಸಾಧ್ಯತೆಯನ್ನು ಅಂದಾಜಿಸುವಲ್ಲಿ ಎಡವಿದರೆ ಕೆಲ್ಲಿ ಸೂತ್ರ ಬೇಗ ಮುಳುಗಿಸುತ್ತದೆ ಎನ್ನುವುದೂ ನಿಜ. ಸಾಮಾನ್ಯ ಆಟಗಾರನಿಗೆ ಒಂದೇ ಪಣವೇ ಕಡಿಮೆ ಅಪಾಯದ್ದು.

ಆದರೆ ಕಡಿಮೆ ಅಪಾಯ ಎಂದರೆ ನಿರಪಾಯ ಎಂದಲ್ಲ; ಭಾರತದಲ್ಲಂತೂ 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಡುರಾತ್ರಿ ಎದ್ದು ಪ್ರೀಮಿಯರ್ ಲೀಗ್ ನೋಡುವ ಬೆಂಗಳೂರಿನ ಹುಡುಗರ ಫೋನಿಗೆ ಯಾರಾದರೂ ‘ಸೇಫ್ ಸಿಸ್ಟಂ’ ಎಂದು ಒಂದೇ ಪಣದ ಪದ್ಧತಿಯನ್ನು ಕಳಿಸಿದರೆ, ಅದು ಸೇಫ್ ಅಲ್ಲ ಎಂದು ಗಟ್ಟಿಯಾಗಿ ಹೇಳಲೇಬೇಕು.

ಒಂದೇ ಪಣದ ನಿಜವಾದ ಬೆಲೆ ಅಳತೆಗೋಲಾಗಿ. ಟೋಕಿಯೋ ವಿಶ್ವವಿದ್ಯಾಲಯದ ಲಿಸಾಂಡ್ರೊ ಕೌನಿಟ್ಜ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಹಲವು ಬುಕ್‌ಮೇಕರ್‌ಗಳ ದರದ ಸರಾಸರಿ ತೆಗೆದು, ಅದಕ್ಕಿಂತ ಸಾಕಷ್ಟು ಹೆಚ್ಚು ಕೊಡುವವನ ಬಳಿ ಮಾತ್ರ ಕಟ್ಟುವುದು ಅವರ ಉಪಾಯ. ಹತ್ತು ವರ್ಷಗಳ ಹಳೆಯ ಪಂದ್ಯಗಳ ಮೇಲೆ, ಬೆಟ್‌ಗೆ 50 ಡಾಲರ್‌ನಂತೆ 56,435 ಬೆಟ್‌ಗಳನ್ನು ಲೆಕ್ಕ ಹಾಕಿ ನೋಡಿದಾಗ ಶೇ 3.5ರಷ್ಟು ಲಾಭ ಬಂತು. ಅದೇ ಪಣವನ್ನು ಮನಬಂದ ಕಡೆ ಇಟ್ಟು ನೋಡಿದಾಗ ಶೇ 3ಕ್ಕೂ ಹೆಚ್ಚು ನಷ್ಟ. ಪಣ ಎರಡೂ ಕಡೆ ಒಂದೇ ಆಗಿದ್ದರಿಂದಲೇ ವ್ಯತ್ಯಾಸ ಬಂದದ್ದು ದರದ ಆಯ್ಕೆಯಿಂದ ಎಂದು ಸಂಶಯವಿಲ್ಲದೆ ಹೇಳಲು ಸಾಧ್ಯವಾಯಿತು. ಆಮೇಲೆ ಅವರು ನಿಜವಾದ ದುಡ್ಡು ಹಾಕಿದರು: ಐದು ತಿಂಗಳು, 265 ಬೆಟ್, 957.50 ಡಾಲರ್ ಲಾಭ. ಆಗ ಬುಕ್‌ಮೇಕರ್‌ಗಳು ಅವರ ಖಾತೆಗಳ ಮೇಲೆ ಕಣ್ಣಿಟ್ಟು, 50 ಡಾಲರ್ ಕಟ್ಟಲೂ ಬಿಡದಂತೆ ಮಿತಿ ಹೇರತೊಡಗಿದರು. ತಂಡ ಬೆಟ್ ಕಟ್ಟುವುದನ್ನು ನಿಲ್ಲಿಸಿ, ತನ್ನ ಲೆಕ್ಕವನ್ನೂ ಅಂಕಿಅಂಶಗಳನ್ನೂ ಎಲ್ಲರಿಗೂ ಸಿಗುವಂತೆ ತೆರೆದಿಟ್ಟಿತು.