ಅಲಗಿಗೆ ಮೊದಲು ಸುತ್ತಿಗೆ, ಆಮೇಲೆ ಕಲ್ಲು

ದೀಪಾವಳಿ ಕಳೆಯಿತೆಂದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ಬೇಣದ, ಅಂದರೆ ಹುಲ್ಲುಗಾವಲಿನ, ಹುಲ್ಲು ಬಣ್ಣ ತಿರುಗಿ ಒಣ ಕರಡವಾಗುತ್ತದೆ. ಕೊಯ್ಲಿಗೆ ಮುಂಚೆ ಪೇಟೆಯ ಸಾಣೆ ಯಂತ್ರದ ಮುಂದೆ ಹುಲ್ಲುಗತ್ತಿಗಳು ರಾಶಿ ಬೀಳುತ್ತವೆ. ಕಿಡಿ ಹಾರುತ್ತದೆ, ಎರಡೇ ನಿಮಿಷಕ್ಕೆ ಅಲಗು ಫಳಫಳ ಹೊಳೆಯುತ್ತದೆ. ಮನೆಗೆ ಒಯ್ಯುವ ಮೊದಲು ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ನೀಲಿ ಛಾಯೆ ಕಂಡರೆ ಅಲ್ಲಿ ಹದ ಸುಟ್ಟುಹೋಗಿದೆ. ಆಚಾರಿ ಕಾಸಿ, ಅದ್ದಿ ಕೊಟ್ಟ ಗಡಸು ಇಳಿದು ಕಬ್ಬಿಣ ಮೆತ್ತಗಾಗಿದೆ. ಗದ್ದೆಯ ಅಂಚಿಗೆ ಹೋಗುವಷ್ಟರಲ್ಲಿ ಆ ಜಾಗ ಮೊಂಡಾಗುತ್ತದೆ.

ಹುಲ್ಲುಗತ್ತಿಯ ಗುಣವೆಲ್ಲ ಇರುವುದು ಅಂಚಿನ ತೆಳುವಿನಲ್ಲಿ. ಮಸೆದಷ್ಟೂ ಅಂಚು ಸವೆದು ಹಿಂದೆ ಸರಿಯುತ್ತದೆ. ಅಲ್ಲಿರುವುದು ದಪ್ಪ ಲೋಹ. ಒಂದು ಹಂತ ದಾಟಿದ ಮೇಲೆ ಎಷ್ಟು ಮಸೆದರೂ ಹುಲ್ಲು ಜಗ್ಗುತ್ತದೆ, ಬುಡಸಮೇತ ಕಿತ್ತು ಬರುತ್ತದೆ, ಸಂಜೆಗೆ ಮಣಿಕಟ್ಟು ನೋಯುತ್ತದೆ. ಆಗ ಕಲ್ಲನ್ನು ಬದಿಗಿಟ್ಟು ಕತ್ತಿಯನ್ನು ಹಣಿಸಲು ಕುಲುಮೆಗೆ ಒಯ್ಯಬೇಕು. ಆಚಾರಿ ಅದನ್ನು ಕಾಸಿ, ಅಡಿಗಲ್ಲಿನ ಮೇಲಿಟ್ಟು ತಟ್ಟಿ ತಟ್ಟಿ ಅಂಚನ್ನು ಮತ್ತೆ ತೆಳ್ಳಗೆ ಎಳೆಯುತ್ತಾನೆ, ಹೊಸದಾಗಿ ಹದ ಕೊಡುತ್ತಾನೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಯಾದರೆ ಈ ಉಪಚಾರ ಸಾರ್ಥಕ. ಅಗ್ಗದ ತಗಡಿನ ಕತ್ತಿಗೆ ದುಡ್ಡು ದಂಡ.

ಯುರೋಪಿನ ರೈತರೂ ಇದೇ ತಿಳಿವಳಿಕೆಗೆ ಬಂದವರು. ಅಲ್ಲಿಯ ಸೈದ್ ಎಂಬ ಉದ್ದ ಕಾವಿನ ಕತ್ತಿಯನ್ನು ನಿಂತುಕೊಂಡು, ನೆಲಕ್ಕೆ ತಾಗಿಸಿ, ಬಲದಿಂದ ಎಡಕ್ಕೆ ಅರ್ಧ ಸುತ್ತು ಬೀಸುತ್ತಾರೆ. ಆಸ್ಟ್ರಿಯದ ರೋಸ್‌ಲೈಥೆನ್‌ನಲ್ಲಿ 1540ರಷ್ಟು ಹಿಂದೆ ಶುರುವಾದ ಶ್ರೋಕೆನ್‌ಫುಕ್ಸ್ ಕಮ್ಮಾರಸಾಲೆ ಈ ಅಲಗುಗಳಿಗೆ ಹೆಸರುವಾಸಿ. ಅವಕ್ಕೆ ಅತಿ ಗಡಸು ಹದ ಕೊಡುವುದಿಲ್ಲ, ಕೊಯ್ಯುವವನೇ ಸುತ್ತಿಗೆ ಹಿಡಿಯಲೆಂದು. ಅವನು ಮರದ ಕೊರಡಿಗೆ ಹೊಡೆದ ಪುಟ್ಟ ಅಡಿಗಲ್ಲಿನ ಮುಂದೆ ಕೂತು, ಬೆಂಕಿಯಿಲ್ಲದೆ ತಣ್ಣಗಿನ ಅಲಗಿನ ಅಂಚನ್ನೇ ಕುಟ್ಟುತ್ತಾನೆ. ಉಗುರಿನಿಂದ ಒತ್ತಿದರೆ ಅಂಚು ಕಣ್ಣಿಗೆ ಕಾಣುವಂತೆ ಬಾಗಬೇಕು, ಅಷ್ಟು ತೆಳು. ಸೊಂಟಕ್ಕೆ ಸಿಕ್ಕಿಸಿದ ನೀರು ತುಂಬಿದ ಕೊಂಬಿನಲ್ಲಿ ಮಸೆಗಲ್ಲು ಇರುತ್ತದೆ. ಕೆಲವು ನಿಮಿಷಕ್ಕೊಮ್ಮೆ ನಿಂತು ನಾಲ್ಕು ಸಲ ಕಲ್ಲಾಡಿಸಿ ಮುಂದುವರಿಯುತ್ತಾನೆ. ಕೊಯ್ಯುವುದೂ ಇಬ್ಬನಿ ಆರುವ ಮೊದಲು. ತೇವದ ಹುಲ್ಲು ಬಿಗಿಯಾಗಿ ನಿಲ್ಲುತ್ತದೆ, ಒಣಗಿದ್ದು ಅಲಗಿಗೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಬೋಸ್ನಿಯಾದ ಕುಪ್ರೆಸ್‌ನಲ್ಲಿ ಜುಲೈ ತಿಂಗಳಲ್ಲಿ ನಡೆಯುವ ಹುಲ್ಲು ಕೊಯ್ಯುವ ಪಂದ್ಯವನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಲ್ಲಬೇಕಾದದ್ದೇ.

ಹಾಗೆಂದು ಸೈದ್ ತರಿಸಿಕೊಳ್ಳಿ ಎಂದು ನಾನು ಹೇಳಲಾರೆ. ನಮ್ಮ ಬೇಣ ಇಳಿಜಾರು. ಹುಲ್ಲಿನೊಳಗೆ ಜಂಬಿಟ್ಟಿಗೆ ಕಲ್ಲು, ಕುರುಚಲು, ಹುತ್ತ. ಅಷ್ಟು ತೆಳುವಾದ ಅಲಗನ್ನು ಅಲ್ಲಿ ಬೀಸಿದರೆ ಮೊದಲ ಕಲ್ಲಿಗೇ ಹಲ್ಲು ಬೀಳುತ್ತದೆ. ಹುಲ್ಲುಗತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತವನ ಎಡಗೈಯಾದರೋ ಹುಲ್ಲನ್ನು ಹಿಡಿಯುವಾಗಲೇ ಕಲ್ಲನ್ನೂ ಗುರುತಿಸಿರುತ್ತದೆ. ಪೆಟ್ರೋಲಿನ ಕಳೆ ಯಂತ್ರದ ಬಗ್ಗೆಯೂ ನನ್ನ ತಕರಾರಿದೆ: ಅದು ಹುಲ್ಲನ್ನು ಚಿಂದಿ ಮಾಡಿ ಕೆಸರಿಗೆ ಎರಚುತ್ತದೆ, ಅದರ ನೈಲಾನ್ ದಾರ ಎಳೆಯ ಅಡಿಕೆ ಸಸಿಯ ಬುಡ ಕೆತ್ತುತ್ತದೆ. ಕಳೆ ನೆಲಸಮವಾದರೆ ಸಾಕು ಎನ್ನುವವರಿಗೆ ಅದು ಸರಿ. ಮೇವು ಬೇಕಾದವರಿಗೆ ಕತ್ತಿಯೇ ಬೇಕು.

ಮಸೆಯಲು ಮಲೆನಾಡು, ಕರಾವಳಿಯ ಮಸೆಯುವ ಮರಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮರದ ತುಂಡೊಂದರ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಅಲಗನ್ನು ಎಳೆಯುವುದು, ಇಷ್ಟೇ ಸಾಧನ. ಪುಡಿಯನ್ನು ಬಟ್ಟೆಯಲ್ಲಿ ಸೋಸಿರಬೇಕು. ಒಂದು ದಪ್ಪ ಹರಳು ಉಳಿದರೂ ಅಂಚಿನಲ್ಲಿ ಗೀರು ಬೀಳುತ್ತದೆ. ಹಿಡಿಕೆಯ ಕಡೆಯಿಂದ ಮೂತಿಯವರೆಗೆ, ಕತ್ತಿಯ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಿಸುತ್ತಾ, ಒಂದೇ ಓರೆಯಲ್ಲಿ ಎಳೆಯಿರಿ. ಮೊದಮೊದಲು ಕರಕರ ಸದ್ದು. ಉಜ್ಜಿದಂತೆ ಹರಳು ತಾನೇ ಪುಡಿಯಾಗಿ ನುಣ್ಣಗಾಗುತ್ತದೆ, ಸದ್ದು ಸಣ್ಣಗಾಗುತ್ತದೆ. ಒರಟು ಕಲ್ಲು, ನಯ ಕಲ್ಲು ಎರಡರ ಕೆಲಸವೂ ಒಂದೇ ಹಿಡಿ ಪುಡಿಯಲ್ಲಿ ಮುಗಿಯುವುದು ಹೀಗೆ. ಬೆರಳನ್ನು ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಸವರಿದರೆ ಮಸೆಯದ ಮಗ್ಗುಲಲ್ಲಿ ಕೂದಲೆಳೆಯಷ್ಟು ತರಿ ಸಿಗುತ್ತದೆ. ಅದು ಸಿಕ್ಕ ಮೇಲೆ ಮಗ್ಗುಲು ಬದಲಿಸಿ ಹಗುರ ಕೈಯಲ್ಲಿ ಎಳೆದು ತರಿಯನ್ನು ಕಳೆಯಿರಿ. ಹೆಬ್ಬೆರಳ ಉಗುರಿನ ಮೇಲಿಟ್ಟಾಗ ಅಲಗು ಜಾರದೆ ಕಚ್ಚಿ ನಿಂತರೆ ಆಯಿತು. ಕಕ್ಕು ಹಾಕಿದ ಕುಡುಗೋಲಿಗೆ ಮಾತ್ರ ಈ ಮರ ಬೇಡ. ಅದರ ಹಲ್ಲು ಸವೆದರೆ ಆಚಾರಿಯೇ ಮತ್ತೆ ಕಕ್ಕು ಹಾಕಬೇಕು.

ಕೊಯ್ಯುವಾಗ ಹೊಡೆಯಬೇಡಿ, ಎಳೆಯಿರಿ. ಹಣಿಸುವುದಿದ್ದರೆ ಕೊಯ್ಲಿನ ಹಿಂದಿನ ದಿನ ಓಡದೆ ಈಗಲೇ ಕುಲುಮೆಗೆ ಹೋಗಿ, ಕತ್ತಿ ಕೊಡುವಾಗ ಒಂದು ಮಾತು ಹೇಳಿಡಿ: ಕೊನೆಗೆ ಯಂತ್ರಕ್ಕೆ ಹಿಡಿಯುವುದು ಬೇಡ, ಅರ ಆಡಿಸಿದರೆ ಸಾಕು, ಉಳಿದದ್ದನ್ನು ಮನೆಯಲ್ಲಿ ಮಸೆದುಕೊಳ್ಳುತ್ತೇನೆ ಎಂದು.